ಎಣಿಸುವವರ ಸಾಲಿಗೆ ನಮ್ಮ ಮಕ್ಕಳೇಕೆ ಬೇಡ?

ಜೂನ್ ತಿಂಗಳು ಬಂತೆಂದರೆ ಹೊರನಾಡಿನ ನಮ್ಮ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಡಗರ. ಶಾಲು, ಹಾರ, ಫಲಕ, ಉಪ್ಪಿಟ್ಟು, ಕಾಫಿ. ಅದರ ಬೆನ್ನಿಗೇ 'ಮುಂದೇನು ಓದಬೇಕು?' ಎಂಬ ಉಪನ್ಯಾಸ. ಉಪನ್ಯಾಸಕ್ಕೆ ಕರೆಯುವುದು ಯಾರನ್ನು? ಬಹುತೇಕ ಯಾವುದಾದರೊಂದು ಕೋಚಿಂಗ್ ಕ್ಲಾಸಿನ ಮಹಾಶಯರನ್ನು. ಅವರ ಬಾಯಲ್ಲಿ ಬರುವುದು ಮೂರೇ ದಾರಿ: ಇಂಜಿನಿಯರಿಂಗ್, ಮೆಡಿಕಲ್, ಮತ್ತು ಇವೆರಡೂ ಸಿಗದವರಿಗೆ ಎಂ.ಬಿ.ಎ. 'ನಮ್ಮ ಹುಡುಗಿ ಬಿ.ಎಸ್ಸಿ.ಗೆ ಸೇರಿದಳು, ಸಂಖ್ಯಾಶಾಸ್ತ್ರ ತೆಗೆದುಕೊಂಡಳು' ಎಂದು ತಾಯಿಯೊಬ್ಬಳು ಹೇಳಿದರೆ, ಪಕ್ಕದ ಕುರ್ಚಿಯವರು ಮನೆಯಲ್ಲಿ ಏನೋ ಅನಾಹುತವಾದಂತೆ 'ಹೌದೇ? ಯಾಕೆ?' ಎಂದು ಕೇಳುತ್ತಾರೆ.

ಈ 'ಯಾಕೆ'ಗೆ ಉತ್ತರ ಕೊಡಲೆಂದೇ ಈ ಲೇಖನ. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ, ಬಿ.ಎಸ್ಸಿ. ಪದವೀಧರ. ಅರ್ಥಶಾಸ್ತ್ರಜ್ಞನೂ ಅಲ್ಲ, ಅಧಿಕಾರಿಯೂ ಅಲ್ಲ. ಆದರೆ ಕಡತಗಳ ನಡುವೆ ಕುಳಿತವನಿಗೆ ಒಂದು ಸಂಗತಿ ಚೆನ್ನಾಗಿ ಕಾಣುತ್ತದೆ: ಈ ದೇಶದಲ್ಲಿ ಹಣ ಎಲ್ಲಿಂದ ಎಲ್ಲಿಗೆ ಹರಿಯಬೇಕೆಂಬುದನ್ನು ಅರ್ಧ ನಿರ್ಧರಿಸುವುದು ಮಂತ್ರಿಗಳ ಭಾಷಣವಲ್ಲ, ಕಡತದ ಕೊನೆಯಲ್ಲಿ ಲಗತ್ತಿಸಿದ ಒಂದು ಕೋಷ್ಟಕ. ಆ ಕೋಷ್ಟಕವನ್ನು ತಯಾರಿಸುವ ಕೆಲಸಕ್ಕೆ ನಮ್ಮ ಮಕ್ಕಳನ್ನು ಕಳಿಸಲು ನಮಗೆ ನಾಚಿಕೆ. ಇದು ನಮ್ಮ ಸಮಾಜದ ದೊಡ್ಡ ದೃಷ್ಟಿದೋಷವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ನಮ್ಮ ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಎಷ್ಟೋ ಕುಟುಂಬಗಳು ರೈಲ್ವೆ, ಅಂಚೆ, ಆದಾಯ ತೆರಿಗೆ, ರಕ್ಷಣಾ ಲೆಕ್ಕಪತ್ರ ಇಂಥ ಇಲಾಖೆಗಳ ಸಂಬಳದ ಮೇಲೆ ನಿಂತಿವೆ. ಜನವರಿ ಮತ್ತು ಜುಲೈ ತಿಂಗಳ ತುಟ್ಟಿಭತ್ಯೆಗಾಗಿ ಚಾತಕಪಕ್ಷಿಯಂತೆ ಕಾಯುತ್ತೇವೆ. ಈ ತುಟ್ಟಿಭತ್ಯೆ ಎಲ್ಲಿಂದ ಬರುತ್ತದೆ? ಕಾರ್ಮಿಕ ಬ್ಯೂರೋ ಎಂಬ ಸಂಸ್ಥೆ ಪ್ರತಿ ತಿಂಗಳು ಹೊರಡಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಿಂದ. 2016ನ್ನು ಆಧಾರ ವರ್ಷವಾಗಿಟ್ಟುಕೊಂಡ ಆ ಸೂಚ್ಯಂಕಕ್ಕಾಗಿ ದೇಶದ 88 ಕೇಂದ್ರಗಳ 317 ಮಾರುಕಟ್ಟೆಗಳಲ್ಲಿ ಬೆಲೆ ಸಂಗ್ರಹಿಸುತ್ತಾರೆ. ಯಾರೋ ಒಬ್ಬ ಅಂಗಡಿಗೆ ಹೋಗಿ ತೊಗರಿಬೇಳೆ ಕಿಲೋಗೆ ಎಷ್ಟು, ಸಾಬೂನು ಎಷ್ಟು ಎಂದು ಬರೆದುಕೊಳ್ಳುತ್ತಾನೆ. ಇನ್ನೊಬ್ಬ ಅದನ್ನು ಪರಿಶೀಲಿಸುತ್ತಾನೆ. ಮತ್ತೊಬ್ಬ ತೂಕ ಹಾಕಿ ಸರಾಸರಿ ತೆಗೆಯುತ್ತಾನೆ. ಆತ ಬೇಳೆಯ ಬೆಲೆಯನ್ನು ಕುಳಿತಲ್ಲಿಯೇ ಊಹಿಸಿ ಬರೆದರೆ ನಷ್ಟ ನಿಮ್ಮದು, ನನ್ನದು. ಹೀಗಿದ್ದೂ ಆ ಮನುಷ್ಯನ ಹುದ್ದೆಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿಯೇ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದು, ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿ ಮಾಡಬೇಕೆಂದರು. ಇಮ್ಮಡಿ ಮಾಡಬೇಕಾದರೆ ಮೊದಲು ಎಷ್ಟಿದೆ ಎಂಬುದು ತಿಳಿದಿರಬೇಕಲ್ಲವೇ? ಬ್ರಿಟಿಷ್ ಭಾರತದ 1931-32ರ ಆದಾಯವನ್ನು ಪಟ್ಟುಹಿಡಿದು ಲೆಕ್ಕ ಹಾಕಿದವರು ವಿ.ಕೆ.ಆರ್.ವಿ. ರಾವ್. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ಅವರೇ. 1949ರಲ್ಲಿ ಸ್ವತಂತ್ರ ಭಾರತ ನೇಮಿಸಿದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಇದ್ದವರು ಮೂವರು: ಅಧ್ಯಕ್ಷರಾಗಿ ಮಹಾಲನೋಬಿಸ್, ಸದಸ್ಯರಾಗಿ ಪುಣೆಯ ಗಾಡ್ಗೀಳ್ ಮತ್ತು ಈ ನಮ್ಮ ರಾವ್. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹಾರ ಹಾಕುವ ನಾವು, ಅವರನ್ನು ಅಣೆಕಟ್ಟಿನ ಇಂಜಿನಿಯರ್ ಎಂದಷ್ಟೇ ನೆನೆದು, ಅಂಕಿ-ಅಂಶದ ಪಾಠವನ್ನು ಅಣೆಕಟ್ಟಿನ ಕೆಳಗೇ ಹೂತುಬಿಟ್ಟಿದ್ದೇವೆ.

ಇನ್ನು ದಾರಿಯ ವಿಷಯ. ಭಾರತೀಯ ಆರ್ಥಿಕ ಸೇವೆ ಮತ್ತು ಭಾರತೀಯ ಸಂಖ್ಯಾಶಾಸ್ತ್ರ ಸೇವೆ ಎರಡೂ 1 ನವೆಂಬರ್ 1961ರಂದು ಹುಟ್ಟಿದವು. ಎರಡಕ್ಕೂ ಪರೀಕ್ಷೆ ನಡೆಸುವುದು ಕೇಂದ್ರ ಲೋಕಸೇವಾ ಆಯೋಗ. ವಯಸ್ಸು ಸಾಮಾನ್ಯವಾಗಿ 21ರಿಂದ 30. ಆರ್ಥಿಕ ಸೇವೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಸಂಖ್ಯಾಶಾಸ್ತ್ರ ಸೇವೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೂ ಸಾಕು. ಬರವಣಿಗೆಗೆ 1000 ಅಂಕ, ಸಂದರ್ಶನಕ್ಕೆ 200. ಆಯ್ಕೆಯಾದವರು ನೇರವಾಗಿ ಗ್ರೂಪ್ 'ಎ' ಅಧಿಕಾರಿಗಳು. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಐ.ಎ.ಎಸ್.ಗೆ ಸೇರುವವನ ಆರಂಭದ ಮೂಲವೇತನ ಯಾವುದೋ ಇವರದೂ ಅದೇ 56,100 ರೂಪಾಯಿ.

ಅದರ ಕೆಳಗೆ ಇನ್ನೊಂದು ಬಾಗಿಲಿದೆ. ಸಿಬ್ಬಂದಿ ಆಯ್ಕೆ ಆಯೋಗದ ಪದವೀಧರ ಮಟ್ಟದ ಪರೀಕ್ಷೆಯ ಮೂಲಕ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆ. ಇದಕ್ಕೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿರಬೇಕು, ಇಲ್ಲವೇ ಯಾವುದೇ ಪದವಿಯ ಜೊತೆಗೆ ಹನ್ನೆರಡನೆಯ ತರಗತಿಯ ಗಣಿತದಲ್ಲಿ ಶೇಕಡಾ 60 ಇರಬೇಕು. ಏಳನೆಯ ವೇತನ ಆಯೋಗದ ಲೆಕ್ಕದಲ್ಲಿ ಆರಂಭದ ಮೂಲವೇತನ 35,400 ರೂಪಾಯಿ. ಬಡ್ತಿಯ ಮೆಟ್ಟಿಲು ಹತ್ತಿದವರು ಮೇಲಿನ ಸೇವೆಗೂ ಹೋಗಬಹುದು. ಇದಲ್ಲದೆ ರಿಸರ್ವ್ ಬ್ಯಾಂಕಿನ ಸಂಖ್ಯಾಶಾಸ್ತ್ರ ವಿಭಾಗವಿದೆ, ಕರ್ನಾಟಕ ಸರ್ಕಾರದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವಿದೆ. ಕೋಚಿಂಗ್ ಮಹಾಶಯರು ಇವನ್ನು ಹೇಳುವುದಿಲ್ಲ, ಏಕೆಂದರೆ ಇದರಲ್ಲಿ ಅವರಿಗೆ ಲಕ್ಷಗಟ್ಟಲೆ ಶುಲ್ಕವಿಲ್ಲ.

'ಸರಿ, ಆದರೆ ಹುದ್ದೆಗಳೆಷ್ಟು?' ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಈಚಿನ ವರ್ಷಗಳಲ್ಲಿ ಆ ಎರಡು ದೊಡ್ಡ ಸೇವೆಗಳಿಗೆ ಸೇರಿ ಕರೆದ ಹುದ್ದೆಗಳು ಐವತ್ತರ ಆಸುಪಾಸು. ಆದ್ದರಿಂದ ಅದೊಂದನ್ನೇ ನಂಬಿ ಐದು ವರ್ಷ ಮನೆಯಲ್ಲಿ ಕೂತುಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಐ.ಐ.ಟಿ. ಪ್ರವೇಶಕ್ಕೆ ಕೂರುವ ಲಕ್ಷಾಂತರ ಮಕ್ಕಳಲ್ಲಿ ಸೀಟು ಸಿಗುವುದು ಎಷ್ಟು ಮಂದಿಗೆ? ಅಲ್ಲಿ ಸೋತವನ ಕೈಯಲ್ಲಿ ಉಳಿಯುವುದು ಸಾಲ. ಇಲ್ಲಿ ದೊಡ್ಡ ಪರೀಕ್ಷೆಯಲ್ಲಿ ಸೋತವನ ಕೈಯಲ್ಲಿ ಕೆಳಗಿನ ಪರೀಕ್ಷೆಗೂ, ಬ್ಯಾಂಕಿಗೂ, ವಿಮಾ ಕಂಪನಿಗೂ ನಡೆಯುವ ವಿದ್ಯೆ ಉಳಿಯುತ್ತದೆ.

'ಊರೂರು ಅಲೆಯುವ ಕೆಲಸ' ಎಂಬುದು ಎರಡನೆಯ ಆಕ್ಷೇಪ. ಹೌದು, ಅಲೆಯಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಆರಂಭವಾದ ದಿನದಿಂದಲೂ ಮನೆ ಬಾಗಿಲಿಗೆ ಹೋಗಿಯೇ ನಡೆದಿದೆ. 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಗೆ 2 ಲಕ್ಷ 61 ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಂಡರು. ಹಳ್ಳಿಯಲ್ಲಿ ತಲೆಗೆ ತಿಂಗಳ ಖರ್ಚು 3,773 ರೂಪಾಯಿ, ಪಟ್ಟಣದಲ್ಲಿ 6,459 ಎಂಬ ಎರಡು ಸಂಖ್ಯೆಗಳ ಹಿಂದೆ ಅಷ್ಟು ಚಪ್ಪಲಿ ಸವೆದಿದೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲು ಕಲಿಯಬೇಕಾಗುವುದು ಸೂತ್ರಗಳಲ್ಲ. ಅಕ್ಕಿ ಎಷ್ಟು ಕೊಂಡಿರಿ ಎಂದು ಕೇಳಿದಾಗ ಅನುಮಾನದಿಂದ ನೋಡುವ ಮುದುಕಿಯನ್ನು ಮಾತಾಡಿಸುವ ಬಗೆ. ತೋಟದ ಕಾಯಿ, ರೇಷನ್ ಅಂಗಡಿಯ ಅಕ್ಕಿ, ಮದುವೆ ಮನೆಯ ಊಟ ಇವನ್ನು ಯಾವ ಕಲಮಿನಲ್ಲಿ ಬರೆಯಬೇಕೆಂಬ ವಿವೇಕ. ಇಂಥ ಕೆಲಸಕ್ಕೆ ಹೊರನಾಡಿನ ನಮ್ಮ ಮಕ್ಕಳಿಗಿಂತ ಯೋಗ್ಯರು ಯಾರು? ಮನೆಯಲ್ಲಿ ಕನ್ನಡ ಅಥವಾ ತುಳು, ಕೆಳಗಿನ ಅಂಗಡಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನಾವು ಬಡತನದ ಗುರುತೆಂದು ತಿಳಿದ ಈ ನಾಲ್ಕು ಭಾಷೆಗಳೇ ಅಲ್ಲಿ ಬಂಡವಾಳ.

ಮೂರನೆಯ ಆಕ್ಷೇಪ ಬುದ್ಧಿವಂತರದು: 'ಸರ್ಕಾರ ತನಗೆ ಬೇಕಾದ ಅಂಕಿ ಬರೆಸಿಕೊಳ್ಳುತ್ತದೆ, ಅದಕ್ಕೇಕೆ ನಮ್ಮ ಮಕ್ಕಳು?' 2019ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟದ್ದು ನಿಜ. ಶೇಕಡಾ 6.1ರ ನಿರುದ್ಯೋಗವನ್ನು ತೋರಿಸಿದ 2017-18ರ ವರದಿ ಚುನಾವಣೆ ಮುಗಿದ ಮೇಲೆ, ಆ ವರ್ಷದ ಮೇ ಕೊನೆಯಲ್ಲಿ ಹೊರಬಂದದ್ದೂ ನಿಜ. ಅದೇ ವರ್ಷದ ಬಳಕೆ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ಹೇಳಿ ಸರ್ಕಾರ ಪ್ರಕಟಿಸಲೇ ಇಲ್ಲ. ನೌಕರನಾಗಿ ಇದಕ್ಕಿಂತ ಹೆಚ್ಚು ಬರೆಯುವುದು ನನಗೆ ಸಲ್ಲದು. ಆದರೆ ಒಂದು ಮಾತು ಗಮನಿಸಿ. ಆ ವರದಿಯನ್ನು ತಡೆಹಿಡಿದರೆಂದು ದೇಶಕ್ಕೆಲ್ಲ ಸಿಟ್ಟು ಬಂದದ್ದು ಏಕೆ? ಒಳಗೆ ಕುಳಿತ ಸಾವಿರಾರು ಮಂದಿ ಲೆಕ್ಕವನ್ನು ನೆಟ್ಟಗೆ ಬರೆದಿದ್ದಾರೆಂಬ ನಂಬಿಕೆಯಿಂದ. ಬಾವಿಯ ನೀರು ಕೆಡಬಾರದೆಂದರೆ ಬಾವಿಗೆ ಬೆನ್ನು ಹಾಕುವುದು ಉಪಾಯವಲ್ಲ. ನಿಯತ್ತಿನವರು ಹಗ್ಗ ಹಿಡಿಯಬೇಕು.

ಸರ್ಕಾರದ ಮೇಲೂ ನನ್ನ ತಕರಾರಿದೆ. ಐ.ಎ.ಎಸ್. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಈ ಎರಡು ಸೇವೆಗಳ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಸಿಬ್ಬಂದಿ ಆಯ್ಕೆ ಆಯೋಗದ ಪದವೀಧರ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ರಾಯಚೂರಿನ ಹಳ್ಳಿಗೆ ಹೋಗಿ ಕನ್ನಡದಲ್ಲಿ ಪ್ರಶ್ನೆ ಕೇಳಬೇಕಾದವನಿಗೆ ಕನ್ನಡದಲ್ಲಿ ಪರೀಕ್ಷೆ ಬೇಡವೆಂಬುದು ಯಾವ ನ್ಯಾಯ? ಜಿಲ್ಲಾ ಕಾಲೇಜಿನಲ್ಲಿ ಓದಿದ ಒಳನಾಡಿನ ಹುಡುಗ ಈ ಗೋಡೆಯಾಚೆ ನಿಂತಿದ್ದಾನೆ. ನಮ್ಮ ಮಕ್ಕಳಿಗೆ ಆ ಗೋಡೆ ಇಲ್ಲ. ಆದ್ದರಿಂದಲೇ ನಮ್ಮ ಹೊಣೆ ಇಮ್ಮಡಿ.

ಈಗ ನಮ್ಮ ಬಾಗಿಲಿನ ಮಾತು. ಸಮೀಕ್ಷೆಯವನು ಬಂದರೆ ಗುಡಿಸಲಿನವರು ಚಾಪೆ ಹಾಸುತ್ತಾರೆ. ಹೌಸಿಂಗ್ ಸೊಸೈಟಿಯ ಕಾವಲುಗಾರ ಗೇಟಿನಲ್ಲೇ ಹಿಂದಕ್ಕಟ್ಟುತ್ತಾನೆ. ಎಂಟನೆಯ ಮಹಡಿಯಲ್ಲಿರುವ ನಾವು 'ಈಗ ಪುರುಸೊತ್ತಿಲ್ಲ' ಎಂದು ಬಾಗಿಲು ಹಾಕುತ್ತೇವೆ. ಆಮೇಲೆ ವೇದಿಕೆಯ ಮೇಲೆ ನಿಂತು 'ಈ ನಗರದಲ್ಲಿ ಕನ್ನಡಿಗರು ಇಷ್ಟು ಲಕ್ಷ' ಎಂದು ಬಾಯಿಗೆ ಬಂದ ಸಂಖ್ಯೆ ಹೇಳುತ್ತೇವೆ! 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4 ಕೋಟಿ 37 ಲಕ್ಷ. 2021ರ ಗಣತಿ ನಡೆಯಲೇ ಇಲ್ಲ. ಆಹಾರ ಭದ್ರತಾ ಕಾಯ್ದೆಯ ಪಡಿತರದ ಲೆಕ್ಕ ಕೂಡ ಆ 2011ರ ಜನಸಂಖ್ಯೆಗೇ ಕಟ್ಟುಬಿತ್ತು. ನಡುವೆ ಹುಟ್ಟಿದವರು, ವಲಸೆ ಬಂದವರು ಲೆಕ್ಕದ ಹೊರಗೆ. 2025ರ ಜೂನ್‌ನ ಅಧಿಸೂಚನೆಯಂತೆ ಮುಂದಿನ ಗಣತಿಯ ಆಧಾರ ದಿನಾಂಕ 1 ಮಾರ್ಚ್ 2027. ಮಾತೃಭಾಷೆಯ ಕಲಮಿನಲ್ಲಿ ನಮ್ಮ ಮನೆಯಲ್ಲಿ ಏನು ಬರೆಸುತ್ತೇವೋ ನಮ್ಮ ಶಾಲೆ, ನಮ್ಮ ಅಲ್ಪಸಂಖ್ಯಾತ ಹಕ್ಕು ಎಲ್ಲದರ ಚರ್ಚೆಗೂ ಅದೇ ಆಧಾರ. ಎಣಿಸುವವರಾಗಲು ಒಲ್ಲೆವು, ಎಣಿಕೆಗೆ ಸಿಗಲೂ ಒಲ್ಲೆವು ಎಂದರೆ ನಮ್ಮನ್ನು ಯಾರು ಲೆಕ್ಕಕ್ಕಿಟ್ಟಾರು?

ಆದ್ದರಿಂದ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ನನ್ನ ಬೇಡಿಕೆ ಮೂರು. ಒಂದು, ಬರುವ ವರ್ಷದ ಉಪನ್ಯಾಸಕ್ಕೆ ಕೋಚಿಂಗ್‌ನವರ ಬದಲು ಈ ಇಲಾಖೆಗಳಲ್ಲಿ ದುಡಿಯುವ ಒಬ್ಬರನ್ನು ಕರೆಯಿರಿ. ಕನ್ನಡದವರು ಸಿಗದಿದ್ದರೆ ಮರಾಠಿಯವರಾದರೂ ಆಗಲಿ. ಎರಡು, ಪುರಸ್ಕಾರದ ನಿಧಿಯಲ್ಲಿ ಒಂದು ಪಾಲನ್ನು ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಓದುವ ಪದವಿ ವಿದ್ಯಾರ್ಥಿಗಳ ಪುಸ್ತಕಕ್ಕೆಂದು ಮೀಸಲಿಡಿ. ಸಂಘದ ವಾಚನಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಡಿ. ಮೂರು, ಕನ್ನಡದಲ್ಲಿಯೂ ಈ ಪರೀಕ್ಷೆ ನಡೆಯಬೇಕೆಂದು ಎಲ್ಲ ಹೊರನಾಡ ಸಂಘಗಳೂ ಕೂಡಿ ಒಂದು ಮನವಿ ಕಳಿಸಲಿ. ಬರೆಯಲು ಗುಮಾಸ್ತ ಬೇಕಾದರೆ ನಾನಿದ್ದೇನೆ.

ತಂದೆತಾಯಿಗಳಿಗೆ ಬೇಡಿಕೆ ಒಂದೇ. ಲೆಕ್ಕದಲ್ಲಿ ಚುರುಕಾದ ಮಗಳು ಸಂಖ್ಯಾಶಾಸ್ತ್ರ ಓದುತ್ತೇನೆಂದರೆ 'ಯಾಕೆ?' ಎಂದು ಕೇಳಬೇಡಿ. 'ಎಲ್ಲಿ ಅರ್ಜಿ ಹಾಕಬೇಕು?' ಎಂದು ಕೇಳಿ.