ದ್ವೀಪದಿಂದ ಏನನ್ನು ತರಬೇಕು?



2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಭೇಟಿಯಿತ್ತ ಮೇಲಂತೂ ಲಕ್ಷದ್ವೀಪದ ಹೆಸರು ಎಲ್ಲರ ಬಾಯಲ್ಲೂ ಕೇಳಿಬಂದಿತು. ರಜೆಯಲ್ಲಿ ಅಲ್ಲಿಗೆ ಹೋಗಿ ಬಂದವರನ್ನು ನಾವು ಮೊದಲು ಕೇಳುವುದು "ಏನು ನೋಡಿದಿರಿ?" ಎಂದಲ್ಲ, "ಏನು ತಂದಿರಿ?" ಎಂದು. ಕೇಳುವುದು ತಪ್ಪಲ್ಲ. ಆದರೆ ಏನನ್ನು ತರಬೇಕು, ಏನನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬುದನ್ನು ಹೊರಡುವ ಮೊದಲೇ ಯೋಚಿಸುವುದು ಒಳ್ಳೆಯದು.

ಆ ದ್ವೀಪಗಳು ನಮಗೆ ಪರಕೀಯವೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳೂ ನಮ್ಮ ಕಾಸರಗೋಡು ತಾಲೂಕೂ 1956ರ ತನಕ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಆ ವರ್ಷದ ನವೆಂಬರ 1ರಂದು ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರಾಡಳಿತ ಪ್ರದೇಶದ ಭಾಗವಾದುವು. ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ. ಅದಕ್ಕೂ ಹಿಂದೆ, ಬ್ರಿಟಿಷರ ಕಾಲದಲ್ಲಿ, ಈ ಐದು ದ್ವೀಪಗಳ ಜನ ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಸರಕಾರವನ್ನು ಬಿಟ್ಟು ಬೇರೆಯವರಿಗೆ ಮಾರುವಂತಿರಲಿಲ್ಲ. ಬೆಲೆ ನಿಗದಿ ಮಾಡುವುದೂ ಸರಕಾರವೇ. ಪ್ರತಿಯಾಗಿ ಸಿಗುತ್ತಿದ್ದುದು ಅಕ್ಕಿ. ಭತ್ತ ಬೆಳೆಯದ ನೆಲದವರಿಗೆ ಬೇರೆ ದಾರಿಯೇನಿತ್ತು?

ಇದನ್ನು ಬಲ್ಲವನಿಗೆ ಅಲ್ಲಿಯ ಒಂದು ಹುರಿಯ ಕಟ್ಟಿಗೆ ಚೌಕಾಸಿ ಮಾಡಲು ನಾಲಗೆ ಏಳಲಾರದು. ತೆಂಗಿನ ಸಿಪ್ಪೆಯನ್ನು ಕಡಲಂಚಿನ ಮರಳಿನಲ್ಲಿ ತಿಂಗಳುಗಟ್ಟಲೆ ಹುಗಿದು, ಕೊಳೆತ ಮೇಲೆ ತೆಗೆದು ಬಡಿದು, ನಾರು ಬಿಡಿಸಿ ಅಂಗೈಯಲ್ಲಿ ಹೊಸೆಯಬೇಕು. ಇದರಲ್ಲಿ ಹೆಚ್ಚಿನ ಪಾಲು ಹೆಂಗಸರ ದುಡಿಮೆ. ಕೊಳ್ಳುವುದಾದರೆ ಇಂಥದನ್ನು ಕೊಳ್ಳಿರಿ. ತೆಂಗಿನ ನೀರಾವನ್ನು ಕುದಿಸಿದ ಬೆಲ್ಲವಿದೆ, ಅದೇ ನೀರಾದಿಂದಾದ ವಿನೆಗರ್ ಇದೆ. ಮೀನು ತಿನ್ನುವವರಿಗೆ ಮಿನಿಕಾಯಿಯ 'ಮಾಸ್' ಇದೆ. ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿನಲ್ಲಿ ಒಣಗಿಸಿದ ಈ ತುಂಡು ಕಟ್ಟಿಗೆಯಂತೆ ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. (ಬಸ್ಸಿನಲ್ಲಿ ತರುವಾಗ ಪಕ್ಕದವರ ಮೂಗಿನ ಬಗ್ಗೆಯೂ ಕನಿಕರವಿರಲಿ.) ಅಂಗಡಿಯಲ್ಲಿರುವುದೆಲ್ಲ ದ್ವೀಪದ್ದೇ ಎಂದು ತಿಳಿಯಬೇಡಿರಿ. ಉಪ್ಪಿನಿಂದ ಸಿಮೆಂಟಿನವರೆಗೆ ಹಡಗಿನಲ್ಲಿ ಬರುವ ಊರದು, ಗೊಂಬೆಗಳೂ ಅದರ ಜೊತೆಗೇ ಬಂದಿರಬಹುದು. "ಇದನ್ನು ಇಲ್ಲಿ ಯಾರು ಮಾಡುತ್ತಾರೆ?" ಎಂದು ಒಂದು ಮಾತು ಕೇಳಿದರಾಯಿತು.

ಹವಳದ ವಿಷಯ ಹೀಗಲ್ಲ. ದಂಡೆಯಲ್ಲಿ ಬಿದ್ದ ಬಿಳಿಯ ತುಂಡೊಂದನ್ನು ಚೀಲಕ್ಕೆ ಹಾಕಿದರೆ ಯಾರಿಗೆ ನಷ್ಟ ಎಂದು ಮಕ್ಕಳು ಕೇಳುವುದುಂಟು. ಆ ದ್ವೀಪಗಳ ನೆಲವೇ ಹವಳ. ಅಲ್ಲಿಯ ಬಿಳಿಯ ಮರಳು ಪುಡಿಯಾದ ಹವಳವೇ. ದೊಡ್ಡ ಬಂಡೆಯಂತಹ ಹವಳವೊಂದು ವರುಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು. ಮಳೆಗಾಲದ ತೆರೆಗಳು ದ್ವೀಪಕ್ಕೆ ನೇರವಾಗಿ ಅಪ್ಪಳಿಸದಂತೆ ತಡೆಯುವುದು ಈ ಹವಳದ ದಿಬ್ಬವೇ. ಕಡಲು ಕಾದು 1998ರಲ್ಲಿ, 2010ರಲ್ಲಿ, 2016ರಲ್ಲಿ ಹವಳಗಳು ಬಿಳಿಚಿ ಸತ್ತುವು. ಉಳಿದುದಕ್ಕೆ ನಾವೂ ಕೈಹಾಕಬೇಕೇ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯನ್ನು 2001ರಲ್ಲಿ ಹವಳಗಳಿಗೂ ಕೆಲವು ಬಗೆಯ ಶಂಖ–ಚಿಪ್ಪುಗಳಿಗೂ ವಿಸ್ತರಿಸಲಾಯಿತು. ಇವನ್ನು ಒಯ್ದು ಸಿಕ್ಕಿಬಿದ್ದರೆ ಶಿಕ್ಷೆಯಿದೆ. ಖಾಲಿ ಶಂಖವೂ ಖಾಲಿಯಲ್ಲ, ಸನ್ಯಾಸಿ ಏಡಿಗೆ ಅದೇ ಮನೆ.

ಇನ್ನು ಹಳೆಯ ವಸ್ತುಗಳ ಮಾತು. ಹೆಚ್ಚಿನ ಹಡಗುಗಳು ಹೊರಡುವುದು ಕೊಚ್ಚಿಯಿಂದ. ಹೋಗುವ ದಾರಿಯಲ್ಲಿ ಮಟ್ಟಂಚೇರಿಯ ಯಹೂದಿ ಬೀದಿಗೆ ಹೋಗದವರು ಕಡಿಮೆ. 1568ರಲ್ಲಿ ಕಟ್ಟಿದ ಸಿನಗಾಗ್ ಅಲ್ಲಿದೆ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ ಆ ಬೀದಿಯ ಜನ ಒಬ್ಬೊಬ್ಬರಾಗಿ ಹೊರಟುಹೋದರು. ಈಗ ಸಾಲಾಗಿ ಹಳೆಯ ಸಾಮಾನುಗಳ ಅಂಗಡಿಗಳು. ಅಲ್ಲಿಯ ದೀಪ, ಪೆಟ್ಟಿಗೆ, ಕೆತ್ತನೆಯ ಕಂಬಗಳಲ್ಲಿ ಕೆಲವು ನಿಜಕ್ಕೂ ಹಳೆಯವು, ಕೆಲವು ಹೊಸದಾಗಿ ಮಾಡಿ ಹಳತಾಗಿಸಿದವು. ನೂರು ವರ್ಷ ದಾಟಿದ ಕಲಾವಸ್ತು, ಎಪ್ಪತ್ತೈದು ದಾಟಿದ ಹಸ್ತಪ್ರತಿ – ಇವು 1972ರ ಪ್ರಾಚ್ಯವಸ್ತು ಕಾಯಿದೆಗೆ ಒಳಪಡುತ್ತವೆ. ಮಾರುವವನಿಗೆ ಪರವಾನಿಗೆ ಬೇಕು, ವಿಗ್ರಹದಂಥವನ್ನು ನೋಂದಾಯಿಸಬೇಕು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಕಾಯಿದೆ ಒಂದು ಕಡೆಗಿರಲಿ. ಯಾರ ಮನೆಯ ತೊಟ್ಟಿಲೋ, ಯಾವ ತಾಯಿ ತೂಗಿದುದೋ ಗೊತ್ತಿಲ್ಲದೆ ಅದನ್ನು ತಂದು ಚಾವಡಿಯಲ್ಲಿ ಹೂಕುಂಡವಿಡುವುದು ನನಗಂತೂ ಒಗ್ಗದು.

ಅದಕ್ಕಿಂತ, ಹೆತ್ತವರೇ, ನಿಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿರಿ. ಭತ್ತದ ಪತ್ತಾಯ, ಮರದ ಮರಿಗೆ, ಕಂಚಿನ ಚೆಂಬು, ಓಲೆಗರಿಯ ಕಟ್ಟು – ಇವನ್ನು ತೂಕಕ್ಕೆ ಕೇಳಿಕೊಂಡು ಮನೆಬಾಗಿಲಿಗೆ ಬರುವವರಿದ್ದಾರೆ. ಮನೆ ಹೊಸದು ಕಟ್ಟಿಸುವ ಗಡಿಬಿಡಿಯಲ್ಲಿ ಕೊಟ್ಟುಬಿಡುವವರೂ ಇದ್ದಾರೆ. ಮಕ್ಕಳೇ, ಮುಂದಿನ ರಜೆಯಲ್ಲಿ ಅಜ್ಜಿಯನ್ನು ಅಟ್ಟದ ಏಣಿಯ ಬಳಿ ಕುಳ್ಳಿರಿಸಿ, ಒಂದೊಂದು ಪಾತ್ರೆಯನ್ನೂ ಕೆಳಗಿಳಿಸಿ, ಅದರ ಹೆಸರೇನು, ಅದರಲ್ಲಿ ಏನನ್ನು ಅಳೆಯುತ್ತಿದ್ದರು, ಯಾರ ಮದುವೆಗೆ ಬಂದುದು ಎಂದು ಕೇಳಿ ಬರೆದುಕೊಳ್ಳಿರಿ. ಬರೆದ ಕಾಗದವನ್ನು ಪಾತ್ರೆಯೊಳಗೇ ಇಟ್ಟುಬಿಡಿ.