ಬಣ್ಣ ನೋಡಿ ಮೀನು ತರಬೇಡಿ

‘ಆಫ್ರಿಕನ್ ಸಿಕ್ಲಿಡ್’ ಅಂತ ಒಂದೇ ಬೋರ್ಡ್ ಹಾಕಿ ಅಂಗಡಿಯವರು ಎಲ್ಲವನ್ನೂ ಮಾರ್ತಾರೆ. ನಾವೂ ಹಳದಿ ಒಂದು, ನೀಲಿ ಎರಡು ಅಂತ ಆರಿಸ್ತೀವಿ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬಣ್ಣ ಅಲ್ಲ, ಊಟ.

ಮಲಾವಿ ಸರೋವರದ ಎಂಬುನಾಗಳು ಬಂಡೆ ಮೇಲಿನ ಪಾಚಿ ಕೆರೆದು ತಿನ್ನೋವು. ಅಲ್ಲಿಯದೇ ಪೀಕಾಕ್‌ಗಳು ಮರಳಲ್ಲಿ ಹುಳ ಹುಡುಕೋವು, ಸ್ವಭಾವದಲ್ಲೂ ಸಾಧು. ಎರಡನ್ನೂ ಒಟ್ಟಿಗೆ ಬಿಟ್ಟು ದಿನಾ ರಕ್ತಹುಳ ಸುರಿದ್ರೆ ಎಂಬುನಾಗೆ ಹೊಟ್ಟೆಯುಬ್ಬರದ ಭಯ, ಪೀಕಾಕ್‌ಗೆ ಏಟು!

ಒಂದು ಗಂಡಿಗೆ ಮೂರು ಹೆಣ್ಣಾದ್ರೂ ಇರಲಿ. ಒಂದೇ ಇದ್ರೆ ಅಟ್ಟಾಡಿಸಿ ಕೊಂದೇಬಿಡಬಹುದು. ಒಂದೇ ಥರ ಪಟ್ಟೆಯಿರೋ ಎರಡು ಜಾತಿಯೂ ಬೇಡ.

ಜಗಳಗಂಟ ಮೀನು ಅಂತ ಬೈತೀವಿ... ಆ ಸರೋವರ 550 ಕಿ.ಮೀ.ಗೂ ಉದ್ದ, ನಮ್ಮ ತೊಟ್ಟಿ ನಾಲ್ಕಡಿ. ಸೋತ ಮೀನು ಓಡೋದೆಲ್ಲಿಗೆ? ನೀವೇನಂತೀರಿ?