ಬೆಳಿಗ್ಗೆ ಧ್ಯಾನ, ಹಗಲೆಲ್ಲ ಸಿಡುಕು!

ಬೆಳಿಗ್ಗೆ ಅರ್ಧ ಗಂಟೆ ಧ್ಯಾನ ಮಾಡಿ, ಹತ್ತು ಗಂಟೆಗೆ ಕಚೇರಿಯಲ್ಲಿ ಜವಾನನ ಮೇಲೆ ಹರಿಹಾಯುವವರನ್ನು ನಾವೆಲ್ಲ ಕಂಡಿದ್ದೇವೆ. ನಾನೂ ಅಂಥವನೇ ಆಗಿದ್ದೆ. ಮಾತ್ರೆ ತಪ್ಪಿಸಿದ ರೋಗಿಗಳನ್ನು ಗದರುತ್ತಿದ್ದೆ. ಹೀಗಾಗಿ, ಅರವತ್ತು ದಾಟಿದ ತಾಯಿಯೊಬ್ಬರು ರಕ್ತದೊತ್ತಡದ ಮಾತ್ರೆ ನಿಲ್ಲಿಸಿದ್ದನ್ನು ನನಗೆ ಹೇಳಲೇ ಇಲ್ಲ. ಒತ್ತಡ ಇಳಿದಿಲ್ಲವೆಂದು ನಾನು ಇನ್ನೊಂದು ಮಾತ್ರೆ ಸೇರಿಸಿದೆ. ಅವರು ಎರಡನ್ನೂ ಒಟ್ಟಿಗೆ ಶುರು ಮಾಡಿ, ಒತ್ತಡ ಕುಸಿದು ತಲೆಸುತ್ತಿ ಬಿದ್ದರು. ಪುಣ್ಯಕ್ಕೆ ಹೆಚ್ಚು ಪೆಟ್ಟಾಗಲಿಲ್ಲ. “ನೀವು ಬೈತೀರಿ ಅಂತ ಹೇಳಲಿಲ್ಲ ಡಾಕ್ಟ್ರೇ” ಎಂದರು. ನನಗೆ ನಾಚಿಕೆಯಾಯಿತು.

12ನೇ ಶತಮಾನದ ಶರಣರು ಕಾಯಕವನ್ನು ಪೂಜೆಯಿಂದ ಬೇರೆ ಮಾಡಲಿಲ್ಲ. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಲೇ, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಲೇ ಶರಣರೆನಿಸಿದರು. ದೇವರ ಕೋಣೆಯಲ್ಲಿ ಕಲಿತ ಶಾಂತಿಗೆ ದುಡಿಯುವ ಜಾಗದಲ್ಲೇ ಪರೀಕ್ಷೆ.

ಸಿಟ್ಟು ಬಂದಾಗ ಅಡ್ರಿನಾಲಿನ್ ಹೆಚ್ಚಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ನಿಧಾನವಾಗಿ ಉಸಿರಾಡಿದರೆ ತಗ್ಗುತ್ತವೆ. ಈಗ ಪ್ರತಿ ರೋಗಿಯನ್ನು ಕರೆಯುವ ಮುನ್ನ ನಾನು ಐದು ಬಾರಿ ನಿಧಾನವಾಗಿ ಉಸಿರಾಡುತ್ತೇನೆ. “ಮಾತ್ರೆ ಸರಿಯಾಗಿ ತಗೋತಿದ್ದೀರಾ?” ಎನ್ನುವ ಬದಲು “ವಾರದಲ್ಲಿ ಎಷ್ಟು ದಿನ ತಪ್ಪಿಹೋಗುತ್ತೆ?” ಎಂದು ಕೇಳುತ್ತೇನೆ. ಜನ ನಿಜ ಹೇಳುತ್ತಾರೆ.

ಒಂದು ಎಚ್ಚರಿಕೆ. ಧ್ಯಾನ ಮಾತ್ರೆಗೆ ಬದಲಿಯಲ್ಲ. ಒತ್ತಡ 140/90ಕ್ಕಿಂತ ಕೆಳಗಿಳಿದಿದ್ದರೆ ಅದು ಮಾತ್ರೆಯ ಫಲವೇ ಇರಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನು, ನಿಮ್ಮ ಧ್ಯಾನ ಫಲಿಸಿದೆಯೇ ಎಂದು ತಿಳಿಯಬೇಕಾದರೆ ಗುರುಗಳನ್ನು ಕೇಳಬೇಕಾಗಿಲ್ಲ. ನಿಮ್ಮ ಕೈಕೆಳಗೆ ದುಡಿಯುವವರನ್ನು ಕೇಳಿ.